ಮೊದಲಿನಂಗ ಆಯ್ತು ನೋಡ್ರಿ

ಪೂರ್ತಿ ಕೆಟ್ಟು ನಿಂತ ಕಂಪ್ಯೂಟರಿಗಿಂತ ಸಾವಕಾಶ ನಡೆಯುವ ಕಂಪ್ಯೂಟರಿನ ಮುಂದೆ ಕೂರುವುದು ನನಗೆ ಹೆಚ್ಚು ಪ್ರೀತಿಯ ಕೆಲಸ. ಕೆಟ್ಟು ನಿಂತದ್ದರ ಲೆಕ್ಕ ಬೇಗ ಮುಗಿಯುತ್ತದೆ. ಪವರ್ ಸಪ್ಲೈ ಸುಟ್ಟಿರುತ್ತದೆ, ಇಲ್ಲವೆ ರ‍್ಯಾಮ್ ಸಡಿಲಾಗಿರುತ್ತದೆ, ಇಲ್ಲವೆ ಹಾರ್ಡ್ ಡಿಸ್ಕ್ ಹೋಗಿರುತ್ತದೆ. ಬದಲಿ ಸಾಮಾನು ತಂದು ಹಾಕಿದರೆ ಆಯಿತು. ಸಾವಕಾಶವಾದ ಮಷಿನ್ನಿನಲ್ಲಿ ಎಲ್ಲ ಸಾಮಾನೂ ನೆಟ್ಟಗಿರುತ್ತವೆ. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಬೆಳಗುತ್ತದೆ. ಆದರೂ ಒಂದು ಫೋಲ್ಡರ್ ತೆರೆದುಕೊಳ್ಳುವಷ್ಟರಲ್ಲಿ ಎದುರು ಕೂತವರ ತಾಳ್ಮೆ ತೀರುತ್ತದೆ. ಎಲ್ಲೋ ಒಂದು ಕಡೆ, ಸೆಟ್ಟಿಂಗಿನ ಯಾವುದೋ ಪುಟದ ಮೂಲೆಯ ಸಣ್ಣ ಚೌಕದಲ್ಲಿ, ಯಾರೋ ಟಿಕ್ ಹಾಕಿದ್ದಾರೆ ಅಥವಾ ಇದ್ದ ಟಿಕ್ ತೆಗೆದಿದ್ದಾರೆ. ಆ ಚೌಕವನ್ನು ಹುಡುಕುವುದೇ ನನ್ನ ಸಂಜೆಗಳ ಸುಖ.

ನಮ್ಮದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಸುತ್ತ ಎರೆಭೂಮಿ, ಮುಂಗಾರಿಗೆ ತೊಗರಿ, ಹಿಂಗಾರಿಗೆ ಜೋಳ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಇಂಥ ಹೊಲಗಳ ಬೆಳೆಯಿಂದಲೇ. ಹೊಟ್ಟೆಪಾಡಿಗೆ ನಾನು ಮಾಸ್ತರಿಕೆ ಮಾಡುತ್ತೇನೆ. ಕಂಪ್ಯೂಟರ್ ನನ್ನ ಹವ್ಯಾಸ. ಈ ಕಡೆಯ ರೈತರಲ್ಲಿ ಬಹಳ ಜನ ಕಂಪ್ಯೂಟರನ್ನು ಮೊದಲು ಹತ್ತಿರದಿಂದ ಕಂಡದ್ದು ತಹಶೀಲ್ ಕಚೇರಿಯ ಭೂಮಿ ಕೇಂದ್ರದಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕೈಬರಹದ ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಬಂದವು. ತನ್ನ ಹೊಲದ ಸರ್ವೆ ನಂಬರು ಪರದೆಯ ಮೇಲೆ ಮೂಡಿದ್ದನ್ನು ಕಂಡ ಮೇಲೆ ಆ ಪೆಟ್ಟಿಗೆ ಪರಕೀಯ ಎನಿಸಲಿಲ್ಲ. ಈಗ ಪಂಚಾಯ್ತಿಯಲ್ಲಿ ಇದೆ, ಝೆರಾಕ್ಸ್ ಅಂಗಡಿಯಲ್ಲಿ ಇದೆ, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯಲ್ಲಿ, ಫೋಟೊ ಸ್ಟುಡಿಯೊದಲ್ಲಿ ಇದೆ. 2009ರಲ್ಲಿ ಹುಟ್ಟಿದ, ಈಗ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಹುಡುಗ ಹುಡುಗಿಯರ ಚೀಲದಲ್ಲೂ ಇದೆ.

ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಮಷಿನ್ನುಗಳು. ದೊಡ್ಡ ಊರುಗಳ ಆಫೀಸುಗಳಲ್ಲಿ ದುಡಿದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ನಮ್ಮ ಕಡೆ ಬಂದವು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಹಳೆಯ ಪ್ರೊಸೆಸರ್. ಹೊಸ, ಬಲವಾದ ಮಷಿನ್ನು ಒಂದು ತಪ್ಪು ಸೆಟ್ಟಿಂಗನ್ನು ಸದ್ದಿಲ್ಲದೆ ತಾಳಿಕೊಂಡುಬಿಡುತ್ತದೆ. ಇವು ತಾಳಿಕೊಳ್ಳುವುದಿಲ್ಲ, ತಕ್ಷಣ ತೋರಿಸುತ್ತವೆ. ಹಾಗಾಗಿ ಈ ವಿದ್ಯೆ ಕಲಿಯಲು ಇವುಗಳಿಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಕಂಪ್ಯೂಟರ್ ಸಾವಕಾಶವಾಯಿತೆಂದರೆ ಜನರಿಗೆ ಮೊದಲು ಬರುವ ಮಾತು, "ಫಾರ್ಮ್ಯಾಟ್ ಹೊಡೆದುಬಿಡ್ರಿ." ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಮಷಿನ್ನು ಓಡುತ್ತದೆ, ನಿಜ. ಆದರೆ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರಿನೊಳಗೆ ಏನೇನಿರುತ್ತದೆ ಎಂದು ಒಮ್ಮೆ ಕೂತು ನೋಡಬೇಕು. ನುಡಿ, ಬರಹದ ಹಳೆಯ ಫಾಂಟುಗಳು ಇರುತ್ತವೆ. ಯಾವ ಫೈಲು ಯಾವ ಫಾಂಟಿನಲ್ಲಿದೆ ಎಂಬುದು ಅಂಗಡಿಯವರಿಗೆ ಮಾತ್ರ ಗೊತ್ತು. ವರ್ಷಗಟ್ಟಲೆ ತಿದ್ದಿ ತಿದ್ದಿ ಇಟ್ಟ ಲಗ್ನಪತ್ರಿಕೆಯ ಮಾದರಿಗಳು ಇರುತ್ತವೆ. ಹಳೆಯ ಪ್ರಿಂಟರಿನ ಡ್ರೈವರ್ ಇರುತ್ತದೆ, ಅದರ ಸಿ.ಡಿ. ಎಂದೋ ಕಳೆದಿರುತ್ತದೆ. ಆನ್‌ಲೈನ್ ಅರ್ಜಿ ಹಾಕುವ ಅಂಗಡಿಯಾದರೆ ಬೆರಳ ಗುರುತು ಓದುವ ಯಂತ್ರವನ್ನು ಆಧಾರಿಗೆ ಜೋಡಿಸಿ ಕೂರಿಸಿದ ವ್ಯವಸ್ಥೆ ಬೇರೆ ಇರುತ್ತದೆ. ಇಷ್ಟನ್ನೂ ಅಳಿಸಿ ಕೊಟ್ಟ ಕಂಪ್ಯೂಟರ್ ವೇಗವಾಗಿದ್ದರೂ ಅದು ಅವರ ಕಂಪ್ಯೂಟರ್ ಆಗಿರುವುದಿಲ್ಲ. ಒಂದು ಟಿಕ್ ತೆಗೆದರೆ ಸರಿಹೋಗುವುದಕ್ಕೆ ಒಬ್ಬರ ಹತ್ತು ವರ್ಷದ ದುಡಿಮೆಯನ್ನು ಒರೆಸುವುದು ನನ್ನ ಮನಸ್ಸಿಗೆ ಒಗ್ಗದು.

ನನ್ನ ನಂಬಿಕೆ ಒಂದೇ: ಕಂಪ್ಯೂಟರಿಗೆ ಸೋಮಾರಿತನ ಗೊತ್ತಿಲ್ಲ. ಅದು ಸಾವಕಾಶ ನಡೆಯುತ್ತಿದ್ದರೆ ಯಾರೋ ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದೆ. ಆ ಮಾತು ಯಾವುದು, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನು ಕಂಡುಹಿಡಿದರೆ ರಿಪೇರಿ ಮುಕ್ಕಾಲು ಮುಗಿದಂತೆ.

ಹಾಗಾಗಿ ನನ್ನ ಕೆಲಸ ಮೌಸ್ ಹಿಡಿಯುವ ಮೊದಲು ಮಾತಿನಿಂದ ಶುರುವಾಗುತ್ತದೆ. "ಏನು ಬದಲಿ ಮಾಡೀರಿ?" ಎಂದು ಕೇಳಿದರೆ ಯಾರಿಂದಲೂ ಉತ್ತರ ಬರುವುದಿಲ್ಲ, ಆ ಪ್ರಶ್ನೆಯಲ್ಲಿ ಆಪಾದನೆ ಇದೆ. ನಾನು ಕೇಳುವುದು ದಿನವನ್ನು. ಆಳಂದದಲ್ಲಿ ಡಿಟಿಪಿ ಅಂಗಡಿ ಇಟ್ಟ ಹಿರಿಯರೊಬ್ಬರ ಮಷಿನ್ನು ಒಂದು ಚಳಿಗಾಲ ಹೀಗೆ ಕೂತುಬಿಟ್ಟಿತ್ತು.

"ಕಾಕಾ, ಇದು ಚಲೋ ನಡೀತಿದ್ದದ್ದು ಯಾವಾಗಿನ ಮಟ?"

"ಎಳ್ಳಮಾಸಿ ಮಟ ಏನೂ ಕುಂದಿರಲಿಲ್ಲ, ಮಾಸ್ತರ."

"ಹಬ್ಬಕ್ಕ ಮನಿಗಿ ಯಾರ್ ಬಂದಿದ್ರು?"

"ಮಗಳು ಬಂದಿದ್ಳು, ಮೊಮ್ಮಗ ಬಂದಿದ್ದ. ಪುಣೆದಾಗ ಓದ್ತಾನ ಅವ. ಎರಡು ದಿನ ಇದರ ಮುಂದೇ ಕುಂತಿದ್ದ. ಅಜ್ಜಾ, ನಿನ್ನ ಕಂಪ್ಯೂಟರ್ ಫಾಸ್ಟ್ ಮಾಡಿ ಕೊಡ್ತೀನಿ ಅಂದಿದ್ದ."

ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ಹಬ್ಬ. ಪರವೂರಿನ ಮಕ್ಕಳು, ಮೊಮ್ಮಕ್ಕಳು ತಪ್ಪದೆ ಬರುತ್ತಾರೆ. ಜನ ತಾರೀಖು ಮರೆಯುತ್ತಾರೆ, ಹಬ್ಬ ಮರೆಯುವುದಿಲ್ಲ. ಕಂಪ್ಯೂಟರ್ ಹಬ್ಬ ಅರಿಯದು, ತಾರೀಖು ಬರೆದಿಡುತ್ತದೆ. ಈ ಎರಡನ್ನೂ ಕೂಡಿಸುವುದು ಈ ಕೆಲಸದ ಮೊದಲ ಖುಷಿ. ವಿಂಡೋಸಿನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬ ಒಂದು ಪುಟವಿದೆ. ದಿನಕ್ಕೊಂದು ಕಂಬ; ಆ ದಿನ ಯಾವ ಪ್ರೋಗ್ರಾಂ ಹಾಕಿದರು, ಯಾವುದು ಕುಸಿದುಬಿತ್ತು, ಎಲ್ಲ ಅಲ್ಲಿರುತ್ತದೆ. ಈವೆಂಟ್ ವ್ಯೂವರಿನ ಒಳಗೆ, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್ ಎಂಬ ಕಡತದಲ್ಲಿ, 100 ಎಂಬ ಸಂಖ್ಯೆಯ ದಾಖಲೆ ಸಿಗುತ್ತದೆ. ಕಂಪ್ಯೂಟರ್ ಶುರುವಾಗಲು ಎಷ್ಟು ಹೊತ್ತು ಹಿಡಿಯಿತೆಂದು ಮಿಲಿಸೆಕೆಂಡಿನಲ್ಲಿ ಬರೆದಿರುತ್ತದೆ. ಕಾಕಾನ ಮಷಿನ್ನಿನಲ್ಲಿ ಹಬ್ಬದ ಹಿಂದಿನ ದಾಖಲೆಗಳೂ ಹಬ್ಬದ ಮುಂದಿನ ದಾಖಲೆಗಳೂ ಬೇರೆ ಬೇರೆ ಮಷಿನ್ನಿನವೇನೋ ಎಂಬಷ್ಟು ದೂರವಿದ್ದವು. ಸಾಕ್ಷಿ ಸಿಕ್ಕಿತು. ಇನ್ನು ಹುಡುಕಬೇಕಾದದ್ದು ಮೊಮ್ಮಗನ ಆ ಎರಡು ದಿನದಲ್ಲಿ ಮಾತ್ರ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಇದನ್ನು ಬರೆದವರು ಮೈಕ್ರೋಸಾಫ್ಟಿನಲ್ಲಿದ್ದ ಡೇವ್ ಪ್ಲಮ್ಮರ್. 1990ರ ದಶಕದಲ್ಲಿ ಅವರು ಇದನ್ನು ಶುರುಮಾಡಿದ್ದು ತಮ್ಮ ಮನೆಯಲ್ಲಿ, ಸ್ವಂತ ಖುಷಿಗೆ. ಆಮೇಲೆ ಅದು ವಿಂಡೋಸಿನೊಳಗೆ ಸೇರಿತು. ಜಗತ್ತಿನ ಕೋಟ್ಯಂತರ ಜನ ಇಂದು ನಂಬಿ ತೆರೆಯುವ ಪುಟ ಒಬ್ಬರ ಬಿಡುವಿನ ಹೊತ್ತಿನ ಪ್ರೀತಿಯಿಂದ ಹುಟ್ಟಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆ ಪುಟದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂದು ಕಾಲಮ್ಮುಗಳಿರುತ್ತವೆ. ಕಾಕಾನ ಮಷಿನ್ನಿನಲ್ಲಿ ಡಿಸ್ಕ್ 100ರಲ್ಲಿ ನಿಂತು ಅಲುಗುತ್ತಿರಲಿಲ್ಲ. ಕಿವಿಗೊಟ್ಟರೆ ಡಬ್ಬಿಯೊಳಗಿನಿಂದ ಕರಕರ ಸದ್ದು ಬಿಡದೆ ಬರುತ್ತಿತ್ತು. ಹೊಸಬರು ಇಲ್ಲಿ ಡಿಸ್ಕನ್ನೇ ದೂಷಿಸಿ ಬದಲಾಯಿಸಲು ಹೊರಡುತ್ತಾರೆ. ಡಿಸ್ಕ್ ಯಾಕೆ ಇಷ್ಟು ದುಡಿಯುತ್ತಿದೆ ಎಂದು ಕೇಳಬೇಕು. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಕೆಳಗೆ, ಲಾಜಿಕಲ್ ಪ್ರೊಸೆಸರ್ 4 ಇರಬೇಕಾದಲ್ಲಿ 1 ಎಂದಿತ್ತು. ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿಯ ಪಟ್ಟಿ ನೋಡಿದೆ. ಹಸಿರು, ನೀಲಿ ಬಣ್ಣಗಳು ಅರ್ಧಕ್ಕೇ ಮುಗಿದು, ಉಳಿದರ್ಧ ಬೂದುಬಣ್ಣ. ಅದರ ಕೆಳಗೆ 'ಹಾರ್ಡ್‌ವೇರ್ ರಿಸರ್ವ್ಡ್' ಎಂದು ಬರೆದಿತ್ತು. 4 ಜಿಬಿಯಲ್ಲಿ 2 ಜಿಬಿಯನ್ನು ಕಂಪ್ಯೂಟರ್ ಮುಟ್ಟುವುದೇ ಇಲ್ಲ ಎಂಬುದು ಅದರ ಅರ್ಥ.

ಆ ಬೂದು ಪಟ್ಟಿ ಕಂಡ ಕ್ಷಣ ಎಲ್ಲಿಗೆ ಹೋಗಬೇಕೆಂದು ಗೊತ್ತಾಯಿತು. ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿ, ಬೂಟ್ ಎಂಬ ಟ್ಯಾಬಿಗೆ ಹೋಗಿ, ಅಡ್ವಾನ್ಸ್ಡ್ ಆಪ್ಶನ್ಸ್ ಒತ್ತಿದರೆ ಒಂದು ಸಣ್ಣ ಪುಟ ಬರುತ್ತದೆ. ಅಲ್ಲಿ ಎರಡು ಚೌಕಗಳಿವೆ: ಪ್ರೊಸೆಸರ್ ಎಷ್ಟು, ಮ್ಯಾಕ್ಸಿಮಮ್ ಮೆಮೊರಿ ಎಷ್ಟು. ಇಲ್ಲಿ ಟಿಕ್ ಹಾಕಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಿಜಸಂಗತಿ ಬೇರೆ. ಈ ಚೌಕಗಳು ಪ್ರೋಗ್ರಾಂ ಬರೆಯುವವರಿಗಾಗಿ ಇಟ್ಟವು. ಕಡಿಮೆ ಬಲದ ಮಷಿನ್ನಿನಲ್ಲಿ ತಮ್ಮ ಪ್ರೋಗ್ರಾಂ ಹೇಗೆ ನಡೆದೀತು ಎಂದು ಪರೀಕ್ಷಿಸಲು ಇರುವ ಮಿತಿಗಳು. ಟಿಕ್ ಇಲ್ಲದಿದ್ದಾಗ ವಿಂಡೋಸ್ ಇದ್ದದ್ದೆಲ್ಲವನ್ನೂ ಬಳಸುತ್ತದೆ. ಟಿಕ್ ಹಾಕಿದರೆ ಅಲ್ಲಿ ಬರೆದಷ್ಟನ್ನೇ ಬಳಸುತ್ತದೆ. ಹುಡುಗ ಎರಡಕ್ಕೂ ಟಿಕ್ ಹಾಕಿದ್ದ. ಪ್ರೊಸೆಸರಿನ ಮುಂದೆ ತಾನಾಗಿ ಬಂದ 1 ಹಾಗೇ ಉಳಿದಿತ್ತು, ಮೆಮೊರಿಯ ಮುಂದೆ 2048 ಎಂದು ಬರೆದಿದ್ದ. ಕಂಪ್ಯೂಟರ್ ವಿಧೇಯವಾಗಿ ಒಂದೇ ಕೈಯಲ್ಲಿ, ಅರ್ಧ ಮೆಮೊರಿಯಲ್ಲಿ ದುಡಿಯುತ್ತಿತ್ತು.

ಹಾಗಾದರೆ ಡಿಸ್ಕ್ ಯಾಕೆ ಕರಕರ ಅನ್ನುತ್ತಿತ್ತು? ರ‍್ಯಾಮನ್ನು ಅಡಿಗೆಮನೆಯ ಡಬ್ಬಿ ಎಂದುಕೊಳ್ಳಿ, ಡಿಸ್ಕನ್ನು ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ಎಂದುಕೊಳ್ಳಿ. ಡಬ್ಬಿ ಸಾಕಷ್ಟು ದೊಡ್ಡದಿದ್ದರೆ ಹಗೇವಿನ ಬಾಯಿ ಅಪರೂಪಕ್ಕೆ ತೆಗೆದರೆ ಸಾಕು. ಡಬ್ಬಿಯನ್ನು ಅರ್ಧ ಮಾಡಿದರೆ ರೊಟ್ಟಿಗೊಮ್ಮೆ ಹಗೇವಿಗೆ ಇಳಿದು ಹತ್ತಬೇಕಾಗುತ್ತದೆ. ಅಡಿಗೆಗಿಂತ ಓಡಾಟವೇ ಹೆಚ್ಚಾಗುತ್ತದೆ. ರ‍್ಯಾಮಿನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಡಿಸ್ಕಿನಿಂದ ತರಲು 10 ಮಿಲಿಸೆಕೆಂಡ್ ಆಸುಪಾಸು ಬೇಕು. ವ್ಯತ್ಯಾಸ ಒಂದು ಲಕ್ಷ ಪಟ್ಟು.

ಈ ಏರ್ಪಾಟು ತೀರ ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕೆಲಸಕ್ಕೆ ಬಂದ ಆ್ಯಟ್ಲಾಸ್ ಎಂಬ ಕಂಪ್ಯೂಟರಿನಲ್ಲಿ ವೇಗದ ಮೆಮೊರಿ 16 ಸಾವಿರ ಪದಗಳಷ್ಟು, ಸಾವಕಾಶದ ಡ್ರಮ್ಮು 96 ಸಾವಿರ ಪದಗಳಷ್ಟು. ಎರಡನ್ನೂ ಕೂಡಿಸಿ ಒಂದೇ ದೊಡ್ಡ ಮೆಮೊರಿ ಎಂಬಂತೆ ಪ್ರೋಗ್ರಾಮಿಗೆ ತೋರಿಸುವ ಉಪಾಯವನ್ನು ಅಲ್ಲಿ ಕಂಡುಹಿಡಿದರು. ಬೇಕಾದ ಪುಟ ಒಳಗೆ, ಬೇಡದ ಪುಟ ಹೊರಗೆ. ಕೆಲವೇ ವರ್ಷದಲ್ಲಿ ಇದರ ಕಾಯಿಲೆಯೂ ಗೊತ್ತಾಯಿತು. ಪುಟಗಳನ್ನು ಒಳಗೆ ಹೊರಗೆ ಮಾಡುವುದರಲ್ಲೇ ಮಷಿನ್ನಿನ ಹೊತ್ತೆಲ್ಲ ಕಳೆದು ಕೆಲಸ ನಿಂತುಹೋಗುತ್ತಿತ್ತು. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಅದರ ಕಾರಣ ವಿವರಿಸಿದರು: ಒಂದು ಪ್ರೋಗ್ರಾಂ ಸದ್ಯಕ್ಕೆ ಬಳಸುತ್ತಿರುವ ಪುಟಗಳಷ್ಟಾದರೂ ವೇಗದ ಮೆಮೊರಿಯಲ್ಲಿ ಹಿಡಿಸಬೇಕು, ಹಿಡಿಸದಿದ್ದರೆ ವೇಗ ಸ್ವಲ್ಪಸ್ವಲ್ಪವಾಗಿ ಇಳಿಯದೆ ಒಮ್ಮೆಲೆ ಕುಸಿಯುತ್ತದೆ. ಕಾಕಾನ ಅಂಗಡಿಯಲ್ಲಿ ಲಗ್ನಪತ್ರಿಕೆಯ ಒಂದು ದೊಡ್ಡ ಫೋಟೊ ತೆರೆದ ಕ್ಷಣ ಆದದ್ದು ಅದೇ. ವಿದ್ವಾಂಸರು ಅಷ್ಟು ಹಿಂದೆ ಬರೆದ ಸಂಗತಿ ಆಳಂದದ ಒಂದು ಅಂಗಡಿಯಲ್ಲಿ ಕಣ್ಣೆದುರು ನಡೆಯುವುದನ್ನು ನೋಡುವುದರಲ್ಲಿ ಬೇರೆಯೇ ರುಚಿ ಇದೆ.

ಎರಡೂ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿಸಿದೆ. ಮತ್ತೆ ರಿಸೋರ್ಸ್ ಮಾನಿಟರ್ ತೆರೆದಾಗ ಬೂದು ಪಟ್ಟಿ ಅಂಚಿಗೆ ಸರಿದು ತೆಳ್ಳಗಾಗಿತ್ತು. ಕಾಕಾ ತಮ್ಮ ಲಗ್ನಪತ್ರಿಕೆಯ ಫೈಲ್ ತೆರೆದರು. ಗಣಪತಿ, ವಧುವರರ ಹೆಸರು, ಬಂಧುಬಳಗದ ಪಟ್ಟಿ ಎಲ್ಲ ಒಮ್ಮೆಗೇ ಬಂದು ನಿಂತವು. "ಮೊದಲಿನಂಗ ಆಯ್ತು ನೋಡ್ರಿ" ಅಂದರು. ಈ ಹವ್ಯಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಭಾವನೆ ಬೇಡ. ಹೊಸದರಂತಾಯಿತು ಎಂದು ಹೊಗಳಿದರೆ ನನಗೆ ಅಷ್ಟು ಹಿಗ್ಗಿಲ್ಲ; ಮೊದಲಿನಂತಾಯಿತು ಎಂದರೆ ಅವರದ್ದು ಅವರಿಗೇ ಮರಳಿತು.

ಮೆಮೊರಿಯ ಇನ್ನೊಂದು ತೊಡಕು ಪೇಜಿಂಗ್ ಫೈಲಿನದು. ಡಿಸ್ಕಿನಲ್ಲಿ ಜಾಗ ಉಳಿಯಲಿ ಎಂದು ಕೆಲವರು ವರ್ಚುಯಲ್ ಮೆಮೊರಿಯ ಪುಟಕ್ಕೆ ಹೋಗಿ 'ನೋ ಪೇಜಿಂಗ್ ಫೈಲ್' ಆರಿಸಿಬಿಡುತ್ತಾರೆ. ಒಂದೆರಡು ಜಿಬಿ ಜಾಗ ಸಿಗುತ್ತದೆ. ಆದರೆ ರ‍್ಯಾಮ್ ತುಂಬಿದಾಗ ಇಳಿಸಿಡಲು ಜಾಗವಿಲ್ಲದೆ ಬ್ರೌಸರಿನ ಪುಟಗಳು ಬಿಳಿಚಿಕೊಳ್ಳುತ್ತವೆ, ಪ್ರೋಗ್ರಾಮುಗಳು ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತವೆ. ಅರ್ಜಿಯ ಕೊನೆಯ ಪುಟದಲ್ಲಿ ಹೀಗಾದರೆ ರೈತ ಮತ್ತೆ ಮೊದಲಿನಿಂದ ಹೆಬ್ಬೆರಳು ಒತ್ತಬೇಕು. 'ಸಿಸ್ಟಮ್ ಮ್ಯಾನೇಜ್ಡ್' ಎಂಬುದಕ್ಕೆ ಮರಳಿಸಿದರೆ ವಿಂಡೋಸೇ ಹೆಚ್ಚುಕಡಿಮೆ ನೋಡಿಕೊಳ್ಳುತ್ತದೆ.

ನಮ್ಮ ಬಿಸಿಲಿನಿಂದ ಹುಟ್ಟುವ ಕೇಸುಗಳೂ ಇವೆ. ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಉಷ್ಣತೆ 42, 43 ಡಿಗ್ರಿ ಮುಟ್ಟುವುದು ಹೊಸದಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟರೆ ಸುಡುತ್ತದೆ, ಕರೆಂಟು ಹೋದರೆ ಬ್ಯಾಟರಿ ಬೇಗ ಇಳಿಯುತ್ತದೆ. ಬುದ್ಧಿವಂತ ವಿದ್ಯಾರ್ಥಿಗಳು ಪವರ್ ಆಪ್ಶನ್ಸಿನ ಒಳಗೆ ಹೋಗಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬಲ್ಲಿ 100 ಇದ್ದದ್ದನ್ನು 50 ಮಾಡುತ್ತಾರೆ. ಪ್ರೊಸೆಸರ್ ಅರ್ಧ ವೇಗದಲ್ಲಿ ಓಡಿ ಮಷಿನ್ನು ತಣ್ಣಗಿರುತ್ತದೆ. ಬೇಸಿಗೆಗೆ ಅದು ಒಳ್ಳೆಯ ವಿಚಾರವೇ. ಮಿರಗದ ಮಳೆ ಬಿದ್ದು, ತೊಗರಿ ಬಿತ್ತನೆ ಮುಗಿದು, ಪರೀಕ್ಷೆಯ ದಿನ ಬಂದರೂ ಆ 50 ಅಲ್ಲೇ ಉಳಿದಿರುತ್ತದೆ. ಅದನ್ನು ಗುರುತಿಸುವ ಬಗೆ ಸೊಗಸಾದದ್ದು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಮೂಲ ವೇಗ 2.40 ಗಿಗಾಹರ್ಟ್ಸ್ ಎಂದಿರುತ್ತದೆ. ಕೆಲಸ ಎಷ್ಟೇ ಹೇರಿದರೂ ಸದ್ಯದ ವೇಗ 1.2ರ ಆಸುಪಾಸು ದಾಟುವುದಿಲ್ಲ. ಮಷಿನ್ನು ದಣಿದದ್ದಾಗಿದ್ದರೆ ಆ ಅಂಕಿ ಏರಿಳಿಯುತ್ತಿತ್ತು. ಗೋಡೆಗೆ ತಾಗಿದಂತೆ ಒಂದೇ ಕಡೆ ನಿಂತಿದ್ದರೆ ಅದು ಯಾರೋ ಕಟ್ಟಿದ ಗೋಡೆ.

ಸೆಟ್ಟಿಂಗ್ ಬದಲಿಸುವವರು ಯಾವಾಗಲೂ ಮನುಷ್ಯರೇ ಎಂದೇನಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದ ಮಷಿನ್ನುಗಳಲ್ಲಿ ನಾನು ಕಲಿತ ಅತಿ ಚೆಂದದ ಪಾಠ ಇದು. ಹಾರ್ಡ್ ಡಿಸ್ಕಿನ ಅಗಲವಾದ ಬೂದು ಕೇಬಲ್ಲು ಸಡಿಲಾಗಿಯೋ ಧೂಳಿನಿಂದಲೋ ಮಾಹಿತಿ ತಪ್ಪಾಗಿ ಬಂದರೆ ವಿಂಡೋಸ್ ಆ ತಪ್ಪುಗಳನ್ನು ಎಣಿಸುತ್ತಿತ್ತು. ಒಟ್ಟು 6 ತಪ್ಪು ಆದವೆಂದರೆ ಎಚ್ಚರ ವಹಿಸಿ ವೇಗದ ಒಂದು ಮೆಟ್ಟಿಲು ಇಳಿಯುತ್ತಿತ್ತು. ಹೀಗೆ ಇಳಿದು ಇಳಿದು ಕೊನೆಗೆ ಪಿಐಒ ಎಂಬ ಹಳೆಯ ಪದ್ಧತಿಗೆ ಬಂದು ನಿಲ್ಲುತ್ತಿತ್ತು. ಸೆಕೆಂಡಿಗೆ 100 ಮೆಗಾಬೈಟ್ ಸಾಗಿಸಬಲ್ಲ ದಾರಿಯಲ್ಲಿ ಹೆಚ್ಚೆಂದರೆ 16.7 ಮೆಗಾಬೈಟ್. ಅದರ ಮೇಲೆ ಆ ಮಾಹಿತಿಯನ್ನೆಲ್ಲ ಪ್ರೊಸೆಸರೇ ಹೊತ್ತು ಸಾಗಿಸಬೇಕು. ಹಾಡು ತಡವರಿಸುತ್ತಿತ್ತು, ಮೌಸಿನ ಬಾಣ ಎಳೆದಾಡುತ್ತಿತ್ತು. ಕೇಬಲ್ಲು ಗಟ್ಟಿ ಕೂರಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ಲನ್ನು ತೆಗೆದು ಕಂಪ್ಯೂಟರನ್ನು ಮರುಶುರು ಮಾಡಿದರೆ ವಿಂಡೋಸ್ ಹಳೆಯ ಎಣಿಕೆ ಬಿಟ್ಟು ಪುನಃ ಮೇಲಿನ ಮೆಟ್ಟಿಲಿನಿಂದ ಶುರುಮಾಡುತ್ತಿತ್ತು. ಮಾಹಿತಿ ಹಾಳಾಗದಿರಲಿ ಎಂದು ವೇಗ ಬಿಟ್ಟುಕೊಟ್ಟ ಮಷಿನ್ನಿನ ಮೇಲೆ ನನಗೆ ಆಗಲೂ ಗೌರವ, ಈಗಲೂ ಗೌರವ.

ಕನ್ನಡ ಬರೆಯುವವರಿಗೇ ತಟ್ಟುವ ಒಂದು ಸೆಟ್ಟಿಂಗ್ ಇದೆ. ವಿಷುಯಲ್ ಎಫೆಕ್ಟ್ಸ್ ಪುಟದಲ್ಲಿ 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದರೆ ಕಿಟಕಿಗಳ ನೆರಳು, ಜಾರುವ ಮೆನುಗಳು ಎಲ್ಲ ಹೋಗಿ ಹಳೆಯ ಮಷಿನ್ನು ಕೊಂಚ ಹಗುರಾಗುತ್ತದೆ. ಅದರ ಜೊತೆಗೆ ಅಕ್ಷರಗಳ ಅಂಚನ್ನು ನಯಗೊಳಿಸುವ ಚೌಕದ ಟಿಕ್ಕೂ ಹೋಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಕನ್ನಡದ ದುಂಡಗಿನ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ದಿನವಿಡೀ ಕನ್ನಡ ಟೈಪು ಮಾಡುವವರ ಕಣ್ಣು ನೋಯುವುದು ಇಂಥದರಿಂದ. ನಾನು ಮಿಕ್ಕಿದ್ದೆಲ್ಲ ಹೋಗಲು ಬಿಟ್ಟು ಆ ಒಂದು ಟಿಕ್ ಮರಳಿ ಹಾಕುತ್ತೇನೆ. ಟೈಪು ಮಾಡಿದ ಅಕ್ಷರ ತಡವಾಗಿ ಮೂಡುತ್ತಿದ್ದರೆ ಸ್ಟಾರ್ಟಪ್ ಪಟ್ಟಿ ನೋಡುತ್ತೇನೆ. ಕನ್ನಡದ ಎರಡು ಬೇರೆ ಬೇರೆ ಟೈಪಿಂಗ್ ಪ್ರೋಗ್ರಾಮುಗಳು ಮಷಿನ್ನು ಶುರುವಾದೊಡನೆ ಎದ್ದು, ಒತ್ತಿದ ಪ್ರತಿ ಕೀಲಿಯನ್ನೂ ಎರಡೂ ಹಿಡಿಯಲು ನಿಂತಿರುತ್ತವೆ. ಒಂದನ್ನು ಮಲಗಿಸಿದರೆ ಬೆರಳಿಗೂ ಅಕ್ಷರಕ್ಕೂ ಹೊಂದಿಕೆ ಬರುತ್ತದೆ.

ಈ ಕೆಲಸಕ್ಕೆ ದೊಡ್ಡ ಹತಾರಗಳು ಬೇಡ. ಒಂದು ಸ್ಕ್ರೂ ಡ್ರೈವರ್, ಧೂಳಿಗೆ ಒಂದು ಬ್ರಷ್, ಒಂದು ಪೆನ್‌ಡ್ರೈವ್, ಎಲ್ಲಕ್ಕೂ ಮುಖ್ಯವಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಮುಟ್ಟುವ ಮೊದಲು ಇದ್ದ ಅಂಕಿಯನ್ನು ಅದರಲ್ಲಿ ಬರೆಯುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ ಮೇಲೆ ರೀಸ್ಟಾರ್ಟ್. ನೋಡಿದ ಮೇಲೆ ಮುಂದಿನದು. ಐದು ಚೌಕ ಒಮ್ಮೆಗೇ ಬದಲಿಸಿ ಮಷಿನ್ನು ಓಡಿದರೂ ನನಗೆ ಸಮಾಧಾನವಿಲ್ಲ, ಯಾವುದರಿಂದ ಓಡಿತೆಂದು ತಿಳಿಯದಲ್ಲ. ರೀಸ್ಟಾರ್ಟ್ ಎಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಪದ್ಧತಿ ಬಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಕಂಪ್ಯೂಟರಿನ ಒಳತಿರುಳು ಪೂರ್ತಿ ಆರುವುದಿಲ್ಲ, ಡಿಸ್ಕಿನಲ್ಲಿ ನಿದ್ರೆ ಮಾಡುತ್ತದೆ. ದಿನಾ ರಾತ್ರಿ ತಪ್ಪದೆ ಬಂದ್ ಮಾಡುವ ಮಷಿನ್ನಿನಲ್ಲೂ ಟಾಸ್ಕ್ ಮ್ಯಾನೇಜರಿನ 'ಅಪ್ ಟೈಮ್' ವಾರಗಟ್ಟಲೆ ತೋರಿಸುವುದು ಇದರಿಂದಲೇ. ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ.

ಎಲ್ಲ ಚೌಕಗಳೂ ಸರಿಯಿದ್ದೂ ಮಷಿನ್ನಿನ ವೇಗ ಏರದಿದ್ದರೆ ಡಬ್ಬಿ ಬಿಚ್ಚಬೇಕು. ತೊಗರಿ ರಾಶಿಯ ಕಾಲ, ಡಿಸೆಂಬರ್ ಜನವರಿಯಲ್ಲಿ, ರಾಶಿ ಮಾಡುವ ಮಷಿನ್ನಿನಿಂದ ಹಾರುವ ಹೊಟ್ಟು, ಎರೆಮಣ್ಣಿನ ಧೂಳು ಊರೆಲ್ಲ ತುಂಬಿರುತ್ತದೆ. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಅದು ದಟ್ಟವಾಗಿ ಕೂತರೆ ಶಾಖ ಹೊರಹೋಗದೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬ್ರಷ್ಷಿನಿಂದ ತೆಗೆದು, ಥರ್ಮಲ್ ಪೇಸ್ಟ್ ಬದಲಿಸಿದರೆ ಉಸಿರಾಡುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದವರಿಗೆ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತೇನೆ. ಹಳೆಯ ಮಷಿನ್ನಿಗೆ ಅದರಷ್ಟು ಉಪಕಾರ ಮಾಡುವ ಖರ್ಚು ಇನ್ನೊಂದಿಲ್ಲ.

ಈ ವಿದ್ಯೆ ನಮ್ಮ ಕಡೆಗೆ ಈಗ ಇನ್ನಷ್ಟು ಬೇಕಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ಪು ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಆಸುಪಾಸಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಮ್ಮ ಸೆಕೆಂಡ್ ಹ್ಯಾಂಡ್ ಮಷಿನ್ನುಗಳಲ್ಲಿ ಎಷ್ಟೋ ಆ ಅಳತೆಗೆ ನಿಲ್ಲುವುದಿಲ್ಲ. ಕೆಲವಕ್ಕೆ ಲಿನಕ್ಸ್ ಹಾಕಿ ಇನ್ನೂ ಬಹಳ ವರ್ಷ ದುಡಿಸಬಹುದು. ಯಾವ ಸಿಸ್ಟಮ್ ಇದ್ದರೂ ಹುಡುಕುವ ಕ್ರಮ ಅದೇ: ಯಾವಾಗಿನಿಂದ, ಯಾರು, ಯಾವುದು. ಇದ್ದ ಮಷಿನ್ನಿನಿಂದ ಅದರ ಪೂರ್ತಿ ಕೆಲಸ ತೆಗೆಯುವುದು ಬಡವರ ಊರಿನಲ್ಲಿ ಸಣ್ಣ ಸಂಗತಿಯಲ್ಲ. ಬೆಳೆ ವಿಮೆ ತುಂಬುವ ಕೊನೆಯ ದಿನ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಒಬ್ಬೊಬ್ಬರ ಅರ್ಜಿಗೂ ಕಂಪ್ಯೂಟರ್ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಸಾಲಿನ ಕೊನೆಯವರಿಗೆ ಆ ದಿನ ತಪ್ಪುತ್ತದೆ, ಕೂಲಿ ಬಿಟ್ಟು ಬಂದ ದಿನವದು. ಒಂದು ತಪ್ಪು ಟಿಕ್ಕಿನ ಬೆಲೆಯನ್ನು ತೆರುವವರು ಆ ಟಿಕ್ಕನ್ನು ಎಂದೂ ಕಂಡಿರುವುದಿಲ್ಲ.

ಕಾಕಾ ಅಂದು ಮೊಮ್ಮಗನಿಗೆ ಫೋನ್ ಹಚ್ಚಿ ಗದರಿಸಲು ಹೊರಟಿದ್ದರು. "ಬೈಬ್ಯಾಡ್ರಿ ಕಾಕಾ, ನನಗ ಕೊಡ್ರಿ" ಎಂದು ಫೋನ್ ಇಸಿದುಕೊಂಡೆ. ಅಜ್ಜನ ಮೇಲಿನ ಪ್ರೀತಿಗೆ ಕಂಪ್ಯೂಟರಿನ ಒಳಗೆ ಕೈಹಾಕಿದ ಹುಡುಗ ಅವನು. ಒಳಗೆ ಏನಿದೆ ಎಂದು ತೆರೆದು ನೋಡುವ ಧೈರ್ಯವಿರುವ ಮಕ್ಕಳೇ ಮುಂದೆ ರಿಪೇರಿ ಮಾಡುವವರಾಗುತ್ತಾರೆ. ಗದರಿಸಿದರೆ ಆ ಕೈ ಹಿಂದೆ ಸರಿಯುತ್ತದೆ. ಬೂದು ಪಟ್ಟಿಯ ವಿಷಯ, ಆ ಎರಡು ಚೌಕಗಳು ಯಾರಿಗಾಗಿ ಇವೆ ಎಂಬ ವಿಷಯ ಅವನಿಗೆ ಬಿಡಿಸಿ ಹೇಳಿದೆ. ಅವನು ಬಿಡದೆ ಪ್ರಶ್ನೆ ಕೇಳಿದ. ಕೊನೆಗೆ ನನ್ನ ಶಾಲೆಯ ಮಕ್ಕಳಿಗೆ ಹೇಳುವುದನ್ನೇ ಅವನಿಗೂ ಹೇಳಿದೆ: ಏನು ಬೇಕಾದರೂ ಬದಲಿಸು, ತಮ್ಮಾ. ಬದಲಿಸುವ ಮೊದಲು ಅಲ್ಲಿ ಏನಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊ. ಹಿಂದಿರುಗುವ ದಾರಿ ಗೊತ್ತಿದ್ದವನು ಎಷ್ಟು ದೂರ ಬೇಕಾದರೂ ಹೋಗಬಹುದು.